ಸೋಬಾನಕ್ಕೆ ಬಂದ ಶಬಾನಾ

ನಮ್ಮ ಕಡೆ ಕನ್ನಡಕ್ಕೆ ಹೊಸ ಪದಗಳನ್ನು ಕೊಡುತ್ತಿರುವವರು ಯಾರು? ಕವಿಗಳಂತೂ ಅಲ್ಲ. ಫ್ಲೆಕ್ಸ್ ಅಂಗಡಿಯವರು.

ನಂಬಿಕೆ ಇಲ್ಲವೇ? ರಾಮನಗರದಿಂದ ಚನ್ನಪಟ್ಟಣಕ್ಕೆ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿ. 'ಆರ್ಥಿಕ ಸ್ವಾಗತ' ಸಿಗುತ್ತದೆ. (ಹಾರ್ದಿಕ ಎಂದಿರಬೇಕಿತ್ತು. ಆದರೆ ಸ್ವಾಗತ ರಾಜಕಾರಣಿಗೆ ಇದ್ದದ್ದರಿಂದ ನಾನು ಸುಮ್ಮನಾದೆ.) ಹಿಂದೊಮ್ಮೆ 'ಜನಪದ ಆಡುಗಾರರ ಮೇಳ' ಎಂದು ಓದಿ, ಆಡು ಕುರಿ ವ್ಯಾಪಾರವಿರಬೇಕು ಎಂದುಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಥದ್ದು ಕಂಡರೆ ಸಾಕು, ಕೈ ತಾನಾಗಿಯೇ ಬ್ಯಾಗಿನೊಳಗಿನ ಕೆಂಪು ಪೆನ್ನಿಗೆ ಹೋಗುತ್ತದೆ.

ಹೋದ ಭಾನುವಾರ ಮಾತ್ರ ಒಂದು ತಪ್ಪು ನನ್ನ ಪೆನ್ನನ್ನೇ ಸೋಲಿಸಿಬಿಟ್ಟಿತು.

ರಾಮನಗರದಲ್ಲಿ ಜನಪದ ಸಂಗೀತ ಮೇಳ. ನಡೆಸುತ್ತಿದ್ದವನು ಸಿದ್ದರಾಜು, ನನ್ನ ಹಳೆಯ ವಿದ್ಯಾರ್ಥಿ. ನಿರೂಪಣೆ ನನ್ನದು. ಕನಕಪುರದ ಪೂಜಾಕುಣಿತ ಇತ್ತು, ಮಾಗಡಿಯ ತಮಟೆ ಇತ್ತು, ಹಾರೋಹಳ್ಳಿಯ ಫ್ಯಾಕ್ಟರಿಗಳಲ್ಲಿ ದುಡಿಯುವ ಅಸ್ಸಾಮಿನವರು ತಮ್ಮೂರಿನ ಡೋಲು ಹೊತ್ತು ಬಂದಿದ್ದರು. ಜೊತೆಗೆ ಬೈರಾಪಟ್ಟಣದ ಚಿಕ್ಕತಾಯಮ್ಮ ಮತ್ತು ಸಂಗಡಿಗರ ಸೋಬಾನೆ ಪದ. ಅಂದರೆ ಮದುವೆ ಮನೆಯ ಹಾಡು. ನಮ್ಮ ಜನರ ಬಾಯಲ್ಲಿ ಅದು ಸೋಬಾನ.

ಸಿದ್ದರಾಜು ರೇಷ್ಮೆಗೂಡಿನ ಮಾರುಕಟ್ಟೆಯ ಗದ್ದಲದಲ್ಲಿ ನಿಂತು ಫ್ಲೆಕ್ಸ್ ಅಂಗಡಿಯ ನವೀನನಿಗೆ ಫೋನ್ ಮಾಡಿದ್ದ. "ಸೋಬಾನ ತಂಡ, ಮದ್ವೆ ಹಾಡು ಅಂತ ಹಾಕ್ಬುಡು ಕಣ್ಲಾ."

ಈಗ ನವೀನನ ಕಷ್ಟ ಕೇಳಿ. ಅವನ ಗಿರಾಕಿಗಳು ಶಾಲೆಗೆ ಸಾಲೆ ಎನ್ನುತ್ತಾರೆ, ಶಂಕರನಿಗೆ ಸಂಕ್ರ ಎನ್ನುತ್ತಾರೆ. 'ಸ' ಕೇಳಿಸಿದ ಕಡೆ 'ಶ' ಹಾಕಿ ತಿದ್ದುವುದು ಅವನ ನಿತ್ಯದ ಕೆಲಸ. ಗದ್ದಲದಲ್ಲಿ 'ಸಬಾನ' ಎಂದು ಕೇಳಿಸಿದ್ದನ್ನೂ ತಿದ್ದಿದ. 'ಶಬಾನಾ ಮತ್ತು ತಂಡ: ಮದುವೆ ಹಾಡುಗಳು.' ಊರಿನ ಬೀದಿಬೀದಿಯಲ್ಲಿ ಫ್ಲೆಕ್ಸ್ ಎದ್ದು ನಿಂತಿತು. ಸಿದ್ದರಾಜು ನೋಡಲಿಲ್ಲವೇ? ನೋಡಿದ. ತನ್ನ ಫೋಟೊ ಚೆನ್ನಾಗಿ ಬಂದಿದೆಯೋ ಇಲ್ಲವೋ ಅಷ್ಟನ್ನೇ ನೋಡಿದ.

ತಮಾಷೆ ಏನೆಂದರೆ, ರಾಮನಗರದಲ್ಲಿ ನಿಜವಾಗಿಯೂ ಒಬ್ಬರು ಶಬಾನಾ ಇದ್ದಾರೆ. (ಬೇಕಾದಷ್ಟು ಜನ ಇದ್ದಾರೆ ಬಿಡಿ. ಮದುವೆ ಹಾಡಿನ ಶಬಾನಾ ಎಂದರೆ ಅವರ ಬೀದಿಗೆಲ್ಲ ಇವರೊಬ್ಬರೇ.) ಕೆಲಸ ರೇಷ್ಮೆ ನೂಲು ತೆಗೆಯುವುದು. ಹಗಲೆಲ್ಲ ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವ ಆ ಕೈ, ಮದುವೆ ಬಂತೆಂದರೆ ಢೋಲಕ್ ಹಿಡಿಯುತ್ತದೆ. ಅದೂ ಹೆಂಗಸರ ಕೋಣೆಯಲ್ಲಿ ಮಾತ್ರ. ಮೈಕ್ ಮುಂದೆ ನಿಂತು ಹಾಡಿದವರೇ ಅಲ್ಲ.

ಭಾನುವಾರ ಸಂಜೆ ಅವರು ವೇದಿಕೆಯ ಹಿಂದೆ ಬಂದು ನಿಂತರು. ಬುರ್ಖಾದ ಅಂಚಿನಲ್ಲಿ ಜರಿ ಸೀರೆ ಇಣುಕುತ್ತಿತ್ತು. ಕಂಕುಳಲ್ಲಿ ಢೋಲಕ್. ಜೊತೆಗೆ ಅತ್ತೆ, ಹಿಂದೆ ನಾಲ್ಕಾರು ಹೆಂಗಸರು.

"ಯಾರಮ್ಮಾ ನೀವು?" ಸಿದ್ದರಾಜು ಕೇಳಿದ.

"ಶಬಾನಾ."

"ಯಾವ ಶಬಾನಾ?"

ಅವರು ಪಕ್ಕದಲ್ಲಿದ್ದ ಫ್ಲೆಕ್ಸ್ ಕಡೆ ಕೈ ತೋರಿಸಿದರು. ಇನ್ಯಾವ ಶಬಾನಾ?

"ನಿಮ್ಗೆ ಫೋನ್ ಯಾರ್ ಮಾಡಿದ್ರು?"

ಅತ್ತೆ ಮುಂದೆ ಬಂದರು. "ಊರಿಗೆಲ್ಲ ಕಾಣಂಗೆ ಹೆಸ್ರು ಹಾಕ್ಸಿ ಕರ್ದಿದ್ದೀಯ, ಮತ್ತೆ ಫೋನ್ ಯಾಕಪ್ಪಾ? ಇವ್ಳು ನಾನ್ ಬರಕಿಲ್ಲ ಅಂದ್ಳು. ನಾನೇ ಬೈದೆ. ಹೆಸ್ರು ಹಾಕ್ಸಿ ಕರ್ದಾಗ ಹೋಗ್ದೆ ಇದ್ರೆ ಕರ್ದೋರ್ಗೆ ಅವಮಾನ ಅಲ್ವಾ?"

ನೋಡಿ, ನಮ್ಮ ಮಾನ ಉಳಿಸಲು ಬಂದವರು ಅವರು!

ಸಿದ್ದರಾಜು ನನ್ನನ್ನು ಪಕ್ಕಕ್ಕೆ ಎಳೆದ. "ಮೇಡಂ, ಪ್ರಿಂಟ್ ಮಿಸ್ಟೇಕು ಅಂತ ನೀವೇ ಒಸಿ ಹೇಳ್ಬುಡಿ. ಇನ್ನೊಂದ್ ತಂಡ ಹತ್ಸಕ್ಕೆ ಟೈಮೆಲ್ಲೈತೆ? ಚೀಫ್ ಗೆಸ್ಟ್ ಆಗ್ಲೇ ವಾಚ್ ನೋಡ್ತಾವ್ರೆ."

ಹೇಳುವ ಅಗತ್ಯ ಬರಲಿಲ್ಲ. ಶಬಾನಾಗೆ ಕೇಳಿಸಿತ್ತು.

"ಮಿಸ್ಟೇಕಾ? ಆಗ್ಲಿ ಬುಡಿ," ಎಂದು ಢೋಲಕ್ಕಿಗೆ ಬಟ್ಟೆ ಸುತ್ತತೊಡಗಿದರು. ಕೈ ಅರ್ಧಕ್ಕೇ ನಿಂತಿತು. "ನಮ್ ಬೀದಿಯೋರೆಲ್ಲ ಮುಂದ್ಗಡೆ ಕೂತವ್ರೆ ಮೇಡಂ. ಹಾಡ್ದೇನೆ ಅವ್ರ ಮುಂದೆ ಹೆಂಗ್ ಹೋಗ್ಲಿ?"

ನಿಜ ಹೇಳುತ್ತೇನೆ, ಸಂಕಟವಾಯಿತು. ಸಿದ್ದರಾಜು ಮೇಲೆ ಸಿಟ್ಟೂ ಬಂತು.

ಅಷ್ಟರಲ್ಲಿ ಅರಿಸಿನದ ತಟ್ಟೆ ಹಿಡಿದು ಸರದಿಗೆ ಕಾಯುತ್ತಿದ್ದ ಚಿಕ್ಕತಾಯಮ್ಮ ಎಲೆ ಅಡಿಕೆ ಜಗಿಯುತ್ತ ಹತ್ತಿರ ಬಂದರು. ಶಬಾನಾರನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮಲ್ಲಿ ಬೀಗಿತ್ತೀನ ಬಯ್ಯೋ ಪದ ಐತೇನವ್ವ?"

ಶಬಾನಾ ಮುಖ ಅರಳಿತು. "ಸಮ್ಧನ್‌ನ ಬಯ್ಯೋದಾ? ಅಯ್ಯೋ, ನಮ್ಮಲ್ಲಿ ಅದೇ ಮೇನು!"

"ಸರಿ ಮತ್ತೆ. ನಾವು ಹೆಣ್ಣಿನ ಕಡೆ, ನೀನು ಗಂಡಿನ ಕಡೆ. ನಡಿ ಮ್ಯಾಕೆ." ಆಮೇಲೆ ನನ್ನ ಕಡೆ ತಿರುಗಿದರು. "ಈಗಿನ ಮದ್ವೇಲಿ ನಾವ್ ಬಯ್ತಾ ಇದ್ರೆ ಆ ಕಡೇರು ಮೊಬೈಲಲ್ಲಿ ವಿಡಿಯೋ ಹಿಡೀತಾರೆ ಕಣವ್ವ, ತಿರುಗ್ಸಿ ಬಯ್ಯೋರೇ ಇಲ್ಲ. ಒಂದೇ ಕೈಲಿ ಚಪ್ಪಾಳೆ ತಟ್ಟಂಗಾಯ್ತದೆ."

"ಅಜ್ಜೀ, ಟೈಮು..." ಎಂದ ಸಿದ್ದರಾಜು.

"ಮದ್ಲಿಂಗ ನೀನೇ ಕಣಪ್ಪ. ಬಂದು ಕೂತ್ಕೋ."

ಮೈಕ್ ಇದ್ದದ್ದು ನನ್ನ ಕೈಯಲ್ಲಿ. ಬಿಡುತ್ತೇನೆಯೇ? "ಈಗ ವೇದಿಕೆಗೆ ಹೆಣ್ಣಿನ ಕಡೆಯವರು ಬೈರಾಪಟ್ಟಣದಿಂದ, ಗಂಡಿನ ಕಡೆಯವರು ರಾಮನಗರದಿಂದ. ಮದುಮಗ ನಮ್ಮ ಸಿದ್ದರಾಜು!" ಎಂದೆ. ಬೊಕ್ಕತಲೆಯ ಸಿದ್ದರಾಜು ಕುರ್ಚಿಯಲ್ಲಿ ಕೂತಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಸಭೆಯಲ್ಲಿದ್ದ ಅವನ ಹೆಂಡತಿ.

ಚಿಕ್ಕತಾಯಮ್ಮ ಶುರು ಮಾಡಿದರು.

"ಬೀಗಿತ್ತಿ ಬಂದವ್ಳೆ ಬಿಂಕವ ಮಾಡ್ಕೊಂಡು
ಚೀಲಾವ ಬಿಚ್ಚಿದ್ರೆ ಬರಿ ಗಾಳಿ, ಸೋಬಾನವೇ!"

ಸಭೆ ನಕ್ಕಿತು. ಎಲ್ಲರ ಕಣ್ಣು ಶಬಾನಾ ಮೇಲೆ. ಮೊದಲ ಬಾರಿ ಮೈಕ್ ಮುಂದೆ ನಿಂತ ಹೆಂಗಸು. ಬೆರಳು ಢೋಲಕ್ಕಿನ ಮೇಲಿದೆ, ಬಾಯಿ ತೆರೆಯುತ್ತಿಲ್ಲ. ಮುಂದಿನ ಸಾಲಿನಲ್ಲಿ ಅವರ ಬೀದಿಯವರು ಉಸಿರು ಹಿಡಿದು ಕೂತಿದ್ದಾರೆ. ನಾನಂತೂ ಮೈಕಿನ ವೈರನ್ನು ಹಿಂಡುತ್ತಿದ್ದೆ. ಅತ್ತೆ ಹಿಂದಿನಿಂದ ಸೊಸೆಯ ಬೆನ್ನಿಗೆ ಮೆತ್ತಗೆ ಒಂದು ಕೊಟ್ಟರು.

ಢೋಲಕ್ ಗುಡುಗಿತು.

"ಚೀಲ್ದಲ್ಲಿ ಗಾಳಿಯ ತಂದಿವ್ನಿ ಸಮ್ಧನ್
ಇನ್ ಮ್ಯಾಕೆ ಫ್ಯಾನು ಕೇಳ್ಬ್ಯಾಡ!"

ಕಟ್ಟಿ ತಂದ ಹಾಡಲ್ಲ. ಅಲ್ಲೇ, ನಿಂತ ಕಾಲಲ್ಲೇ ಹುಟ್ಟಿದ್ದು. ಶಿಳ್ಳೆಯೋ ಶಿಳ್ಳೆ! ಚಿಕ್ಕತಾಯಮ್ಮ ಸೊಂಟಕ್ಕೆ ಸೆರಗು ಸಿಗಿಸಿದರು. "ಬಾರವ್ವ, ಇವತ್ತು ನನ್ಗೆ ಸರಿಯಾದ್ ಬೀಗಿತ್ತಿ ಸಿಕ್ಬುಟ್ಲು!"

ಆಮೇಲೆ ನಡೆದದ್ದನ್ನು ನಿರೂಪಣೆ ಮಾಡುವುದು ನನ್ನ ಕೈಲಾಗಲಿಲ್ಲ, ಈಗಲೂ ಆಗದು. ಅಡುಗೆಗೆ ಬೈದರು, ಸೀರೆಗೆ ಬೈದರು, ಕಡೆಗೆ ಎರಡೂ ಕಡೆಯವರು ಒಂದಾಗಿ ಮದುಮಗನ ತಲೆಯಲ್ಲಿ ಕೂದಲಿಲ್ಲವೆಂದು ಬೈದರು. ಒಬ್ಬರು ಅರಿಸಿನವೆಂದು, ಇನ್ನೊಬ್ಬರು ಹಲ್ದಿಯೆಂದು, ಒಂದೇ ತಟ್ಟೆಯಿಂದ ತೆಗೆದು ಸಿದ್ದರಾಜುವಿನ ಬೊಕ್ಕತಲೆಗೆ ಮೆತ್ತಿದರು. ಕರೆಯದೆಯೇ ಮಾಗಡಿಯ ತಮಟೆ ಸೇರಿಕೊಂಡಿತು. ಅಸ್ಸಾಮಿನವರಿಗೆ ಒಂದು ಪದವೂ ಅರ್ಥವಾಗದಿದ್ದರೂ ಇದು ಮದುವೆ ಎಂಬುದು ಅರ್ಥವಾಯಿತು, ಡೋಲಿನೊಂದಿಗೆ ಅವರೂ ನುಗ್ಗಿದರು. ಯಾವ ತಂಡವನ್ನೂ ಇಳಿಸಬೇಕಾಗಲಿಲ್ಲ, ಎಲ್ಲರೂ ಮೇಲೇ ಇದ್ದರು! ಚೀಫ್ ಗೆಸ್ಟ್ ವಾಚ್ ಮರೆತು ಕೂತರು. (ಅವರ ಭಾಷಣದಲ್ಲಿ 'ಸೌಹಾರ್ದ' ಎಂಬ ಪದ ಇತ್ತಂತೆ. ಮಾಡಲು ಜನ ಬಿಡಲಿಲ್ಲ.)

ಒಂದು ಮಾತು ಕೇಳುತ್ತೇನೆ. ಈಗ ಯಾರನ್ನಾದರೂ ರೇಗಿಸಿ ದಕ್ಕಿಸಿಕೊಳ್ಳಲು ಆಗುತ್ತದೆಯೇ? ಫ್ಯಾಮಿಲಿ ಗ್ರೂಪಿನಲ್ಲಿ ಒಂದು ತಮಾಷೆ ಹಾಕಿ ನೋಡಿ, ಅರ್ಧ ಜನ ಲೆಫ್ಟ್ ಆಗಿರುತ್ತಾರೆ. ನಾದಿನಿ ಮಗನ ಮದುವೆಯಲ್ಲಿ ಬಿಸಿಬೇಳೆಬಾತ್ ತಣ್ಣಗಿದೆ ಎಂದಿದ್ದಕ್ಕೆ ನಾದಿನಿ ನನ್ನೊಡನೆ ಇಂದಿಗೂ ಮಾತಾಡುವುದಿಲ್ಲ. ನಮ್ಮ ಅಜ್ಜಿಯರು ಚಪ್ಪರದಡಿ ಇದಕ್ಕಿಂತ ಹತ್ತು ಪಟ್ಟು ಬೈದುಕೊಂಡು, ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಬೈಯಲು ಸಲಿಗೆ ಬೇಕು, ಬೈಸಿಕೊಳ್ಳಲು ಇನ್ನೂ ಹೆಚ್ಚಿನ ಸಲಿಗೆ ಬೇಕು. ಆ ಸಂಜೆ ಇಬ್ಬರು ಅಪರಿಚಿತ ಹೆಂಗಸರು ಅದನ್ನು ಎರಡೇ ಸಾಲಿನಲ್ಲಿ ಸಂಪಾದಿಸಿಬಿಟ್ಟರು. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಶಬಾನಾ ವೇದಿಕೆಯ ಮುಂದಿನ ಮೆಟ್ಟಿಲಿನಿಂದಲೇ ಇಳಿದರು, ತಮ್ಮ ಬೀದಿಯವರ ನಡುವೆಯೇ, ತಲೆ ಎತ್ತಿ. ಅತ್ತೆ ಢೋಲಕ್ ಹೊತ್ತು ಹಿಂದೆ ನಡೆದರು. ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಮ್ ಸೊಸೆ. ಹೆಸ್ರು ಹಾಕ್ಸಿ ಕರ್ದಿದ್ರು," ಎನ್ನುತ್ತಿದ್ದರು.

ಮೊನ್ನೆ ಫ್ಲೆಕ್ಸ್ ಅಂಗಡಿಯ ನವೀನ ಫೋನ್ ಮಾಡಿದ. ಚನ್ನಪಟ್ಟಣದವರಿಗೂ ಅದೇ ಜೋಡಿ ಬೇಕಂತೆ, ಫ್ಲೆಕ್ಸ್ ಆರ್ಡರ್ ಬಂದಿದೆಯಂತೆ.

"ಮೇಡಂ, ಈ ಸತಿ ಮಿಸ್ಟೇಕ್ ಆಗ್ಬಾರ್ದು. ಸೋಬಾನ ಅಂತ ಹಾಕ್ಲಾ, ಶಬಾನಾ ಅಂತ ಹಾಕ್ಲಾ?"

ಕೆಂಪು ಪೆನ್ನು ಕೈಯಲ್ಲೇ ಇದೆ. ನೀವೇ ಹೇಳಿ, ಇವೆರಡರಲ್ಲಿ ಯಾವುದನ್ನು ತಿದ್ದಲಿ?