ಕಿಟಕಿಯಲ್ಲಿ ಹಳದಿ ಬಟ್ಟೆ

ಈಗಲೂ ಮಧ್ಯಾಹ್ನ ಉಂಡು ಸ್ವಲ್ಪ ಅಡ್ಡಾದರೆ, ಕಣ್ಣು ಹತ್ತುವ ಮೊದಲು ಆ ಕಿಟಕಿ ಕಾಣಿಸುತ್ತದೆ. ಕಾರ್ಕಳದ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯ ಕಿಟಕಿ. ಮರದ ಸರಳುಗಳ ನಡುವೆ ಒಂದು ತುಂಡು ಹಳದಿ ಬಟ್ಟೆ ಮೆಲ್ಲನೆ ಅಲ್ಲಾಡುತ್ತದೆ. ಬೀಜ ಹುರಿದ ಹೊಗೆ ಅದರ ಸುತ್ತ ಸುಳಿಯುತ್ತದೆ. ತಮಾಷೆಯೆಂದರೆ, ಆ ಬಟ್ಟೆ ಅಲ್ಲಾಡಿದ್ದನ್ನು ನಾನು ಕಣ್ಣಾರೆ ನೋಡಿಯೇ ಇಲ್ಲ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅದು ನಿಂತುಹೋಗಿತ್ತು.

ಎಪ್ಪತ್ತರ ದಶಕದ ಕೊನೆ ಇರಬೇಕು. ಮಣಿಪಾಲದಲ್ಲಿ ಒಬ್ಬ ಪ್ರೊಫೆಸರರ ಸಂಶೋಧನೆಗೆ ನಾನು ಸಹಾಯಕಿ. ಒಂದು ಸಂಸ್ಥೆಯೊಳಗೆ ಮಾತು ಮೇಲಿನಿಂದ ಕೆಳಕ್ಕೆ ಹೇಗೆ ಇಳಿಯುತ್ತದೆ, ಕೆಳಗಿನಿಂದ ಮೇಲಕ್ಕೆ ಹೇಗೆ ಹತ್ತುತ್ತದೆ, ಹೊಸ ಯಂತ್ರ ಬಂದರೆ ಏನಾಗುತ್ತದೆ ಎಂಬುದು ವಿಷಯ. ಪ್ರೊಫೆಸರರು ಧಾರವಾಡದ ಕಡೆಯವರು, ತುಳು ಬಾರದು. ಸೈಕ್ಲೋಸ್ಟೈಲ್ ಮಾಡಿದ ಕನ್ನಡ ಫಾರ್ಮುಗಳ ಕಟ್ಟು ಕೊಟ್ಟು, "ಪ್ರಶ್ನೆ ಹೆಂಗ ಬರದೈತೋ ಹಂಗ ಕೇಳಬೇಕು. ಒಂದಕ್ಷರ ಆಚೀಚೆ ಆಗಬಾರದು" ಎಂದಿದ್ದರು. ನಮ್ಮೂರು ಕಾಪುವಿನಿಂದ ಶಿರ್ವದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ನನ್ನ ಗತ್ತು ಹೇಳತೀರದು.

ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಬೀಜ ಒಡೆಯುತ್ತಿದ್ದರು. ಆ ಟಕಟಕ ಸದ್ದಿನಲ್ಲಿ ಪಕ್ಕದವರ ಮಾತು ಸಹ ಕೇಳುತ್ತಿರಲಿಲ್ಲ. ಮ್ಯಾನೇಜರು ಹೊಸದಾಗಿ ಕರೆಂಟಿನ ಗಂಟೆ ಹಾಕಿಸಿದ್ದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅದು ಬಾರಿಸಿದಾಗ ಮಾತ್ರ ತಾಯಂದಿರು ಅಂಗಳದಾಚೆಯ ತೊಟ್ಟಿಲ ಕೋಣೆಗೆ ಹೋಗಿ ಮಕ್ಕಳಿಗೆ ಹಾಲೂಡಿಸಬಹುದು. ಫಾರ್ಮಿನಲ್ಲಿ ಆ ಗಂಟೆಯ ಬಗ್ಗೆಯೇ ಒಂದು ಪ್ರಶ್ನೆ ಇತ್ತು.

"ನೂತನ ವ್ಯವಸ್ಥೆಯ ಕುರಿತು ತಮ್ಮ ಅಭಿಪ್ರಾಯವೇನು?" ಎಂದು ನಾನು ಅಚ್ಚುಕಟ್ಟಾಗಿ ಕೇಳಿದೆ.

"ಎಲ್ಲ ಒಳ್ಳೆದುಂಟು ಮೇಡಂ. ಎಂತ ತೊಂದರೆಯೂ ಇಲ್ಲ" ಎಂದಳು ಸಾಲಿನ ಕೊನೆಯಲ್ಲಿದ್ದ ಎಳೆ ಬಾಣಂತಿ. ಅವಳ ರವಿಕೆ ಎದೆಯ ಬಳಿ ಒದ್ದೆಯಾಗಿತ್ತು. ಅದನ್ನು ನೋಡುತ್ತಲೇ ನಾನು 'ಆಕ್ಷೇಪವಿಲ್ಲ' ಎಂದು ಬರೆದುಕೊಂಡೆ. ಉಳಿದವರೂ ಅದನ್ನೇ ಹೇಳಿದರು, ನಾನೂ ಅದನ್ನೇ ಬರೆದೆ.

ನನಗೆ ತಿಳಿಯಬೇಕಿತ್ತು. ಆ ಹೆಂಗಸರ ಹಾಗೆ ನಮ್ಮ ಮನೆಯ ಮಾತೂ ತುಳುವೇ. ನಮ್ಮಲ್ಲಿ ಕನ್ನಡವೆಂದರೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯ ಹಾಗೆ, ಹೊರಗೆ ಹೋಗುವಾಗ, ದೊಡ್ಡವರೆದುರು ಉಡುವಂಥದು. ನನ್ನ ಅಜ್ಜಿ ಮೈ ಸುಡುವ ಜ್ವರದಲ್ಲೂ ಡಾಕ್ಟರರಿಗೆ ಕನ್ನಡದಲ್ಲಿ "ಸೌಖ್ಯ ಉಂಟು" ಎಂದು ಹೇಳಿ, ಹೊರಗೆ ಬಂದು ತುಳುವಿನಲ್ಲಿ ನರಳಿದವಳು. ಇಷ್ಟನ್ನು ಬಲ್ಲ ನಾನು ಕಾರ್ಖಾನೆಯಲ್ಲಿ ಪಂಡಿತೆಯ ಹಾಗೆ ಕೂತಿದ್ದೆ.

ಕೊನೆಯ ದಿನ ಊಟದ ಹೊತ್ತಿಗೆ ಬುತ್ತಿಯ ಒಣಮೀನಿನ ಚಟ್ನಿ ನೆತ್ತಿಗೇರಿ, ಕೆಮ್ಮುತ್ತಾ ತುಳುವಿನಲ್ಲಿ ನೀರು ಕೇಳಿದೆ. ಹೆಂಗಸರು ಬಾಯಿ ಬಿಟ್ಟು ನನ್ನನ್ನು ನೋಡಿದರು. ಆಮೇಲೆ ಅವರ ಮಾತಿಗೆ ಕಟ್ಟೆಯೇ ಇರಲಿಲ್ಲ. ತೊಟ್ಟಿಲು ತೂಗುವ ಮುದುಕಿ ನನ್ನನ್ನು ತೊಟ್ಟಿಲ ಕೋಣೆಯ ಆ ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು. ಪ್ರತಿ ಮಗುವಿನ ತೊಟ್ಟಿಲಿಗೂ ಅದರ ತಾಯಿಯ ಹಳೆ ಸೀರೆಯೇ ಬಟ್ಟೆ. ಮಗು ಹಸಿದು ಅತ್ತರೆ ಮುದುಕಿ ಅದರ ಒಂದು ತುಂಡನ್ನು ಕಿಟಕಿಯಲ್ಲಿ ಆಡಿಸುತ್ತಿದ್ದಳಂತೆ. ಸದ್ದಿನ ನಡುವೆ ತಲೆ ಎತ್ತಿದ ತಾಯಿ ತನ್ನ ಸೀರೆಯ ಬಣ್ಣ ಕಂಡು ಎದ್ದು ಬರುತ್ತಿದ್ದಳು. ಗಂಟೆ ಬಂದ ಮೇಲೆ ಬಟ್ಟೆ ಆಡಿಸಬಾರದೆಂದು ಅಪ್ಪಣೆಯಾಗಿತ್ತು.

ಸಾಲಿನ ಕೊನೆಯ ಆ ಬಾಣಂತಿಯದು ಹಳದಿ ಸೀರೆ. ಅವಳು ತುಳುವಿನಲ್ಲಿ ನನಗೆ ಹೇಳಿದ್ದು ಇಷ್ಟು: "ಮೊದಮೊದಲು ಗಂಟೆಯಾಗುವವರೆಗೂ ಮಗು ಅಳುತ್ತಿತ್ತಕ್ಕಾ. ಈಗ ಅಳುವುದನ್ನೇ ಬಿಟ್ಟಿದೆ. ನೀವು ಮೇಲಿನವರಿಗೆ ಒಂದು ಮಾತು ಹೇಳ್ತೀರಾ?"

"ಹೇಳ್ತೇನೆ" ಎಂದೆ. ಹೇಳಿಯೇ ತೀರುತ್ತೇನೆ ಎಂದುಕೊಂಡೇ ಮಣಿಪಾಲದ ಬಸ್ಸು ಹತ್ತಿದೆ.

ಪ್ರೊಫೆಸರರು ಒಳ್ಳೆಯವರೇ. ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡು, "ಫಾರ್ಮಿನೊಳಗ ಇಲ್ಲದ್ದನ್ನ ವರದಿಯೊಳಗ ಹೆಂಗ ಹಾಕೂದು? ಮುಂದಿನ ಸಲ ನೋಡೋಣಂತ" ಎಂದರು. ಹೊಸ ಕೆಲಸ, ಅವರ ಶಿಫಾರಸಿನ ಆಸೆ. ನಾನು ಬಾಯಿಮುಚ್ಚಿಕೊಂಡೆ. ಇಷ್ಟು ವರ್ಷವಾದರೂ ಆ ಮೌನಕ್ಕೆ ನನಗೆ ನಾಚಿಕೆಯಿದೆ.

ಮೂರು ತಿಂಗಳ ಮೇಲೆ ತಡೆಯಲಾರದೆ ನಾನೊಬ್ಬಳೇ ಮ್ಯಾನೇಜರರ ಬಳಿ ಹೋದೆ. ಅವರು ವರದಿಯ ಪುಟ ತಿರುವಿ ನನ್ನ ಮುಂದಿಟ್ಟರು. "ಯಾರಿಗೂ ಆಕ್ಷೇಪ ಇಲ್ಲ ಅಂತ ನೀವೇ ಬರೆದದ್ದಲ್ವಾ? ಈಗ ನಾನು ಎಂತ ಮಾಡುವುದು ಹೇಳಿ" ಎಂದರು. ಅವರೂ ತುಳುವಿನವರೇ, ಆದರೂ ಇಬ್ಬರೂ ಕನ್ನಡದಲ್ಲೇ ಬಹಳ ಮರ್ಯಾದೆಯಿಂದ ಮಾತಾಡಿದೆವು. ಹೊರಗೆ ಬಂದು ನೋಡಿದರೆ ಸಾಲಿನ ಕೊನೆಯ ಜಾಗ ಖಾಲಿ. ಮಗು ಸೊರಗಿತೆಂದು ಅವಳು ಕೆಲಸ ಬಿಟ್ಟು ತಾಯಿಮನೆಗೆ ಹೋದಳೆಂದು ಮುದುಕಿ ಹೇಳಿದಳು. ಆ ದಿನದಿಂದಲೇ ಹಳದಿ ಬಟ್ಟೆ ನನ್ನ ಕಣ್ಣಿನಲ್ಲಿ ಅಲ್ಲಾಡಲು ಶುರುವಾಯಿತು.

ಏಳೆಂಟು ವರ್ಷ ಕಳೆದು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದಳು. ಪಕ್ಕದಲ್ಲಿ ಸಪೂರ ಕಾಲಿನ, ಎರಡು ಜಡೆಯ ಹುಡುಗಿ. ಅಂದಿನ ತೊಟ್ಟಿಲಿನ ಮಗುವೇ ಇರಬೇಕು. ಓಡಿಹೋಗಿ ಕೈ ಹಿಡಿದು, "ಎಂಚ ಉಲ್ಲ ಮಾರಾಯ್ತಿ?" ಎಂದು ತುಳುವಿನಲ್ಲೇ ಕ್ಷೇಮ ಕೇಳಿದೆ.

ಅವಳು ಗುರುತು ಹಿಡಿದಳು. ಮೆಲ್ಲನೆ ಕೈ ಬಿಡಿಸಿಕೊಂಡು ಸೆರಗು ಸರಿಮಾಡಿದಳು.

"ಎಲ್ಲ ಒಳ್ಳೆದುಂಟು ಮೇಡಂ" ಎಂದಳು, ಸ್ವಚ್ಛ ಕನ್ನಡದಲ್ಲಿ. "ಎಂತ ತೊಂದರೆಯೂ ಇಲ್ಲ."

ಅಷ್ಟರಲ್ಲಿ ಹುಡುಗಿ ಅವಳ ಸೆರಗು ಜಗ್ಗಿ, ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡುವ ಹಾಗೆ ಕೂಗಿದಳು: "ಅಮ್ಮಾ, ಬಡವಾಪುಂಡು!"

ಹಸಿವಾಗುತ್ತದಂತೆ. ಅವಳು ನನ್ನನ್ನು ಅಲ್ಲೇ ಬಿಟ್ಟು, ತಕ್ಷಣ ಮಗಳ ಕಡೆ ತಿರುಗಿದಳು.