ಡಿಸ್ಕೊ ಯರ್ರಿ

ಎಂಬತ್ತರ ದಶಕದ ಮೊದಲಿಗೆ ದೇವಸಮುದ್ರದ ಹೊರಗೆ ಟೂರಿಂಗ್ ಟಾಕೀಸ್ ಬೀಡುಬಿಟ್ಟಿತ್ತು. ಅಲ್ಲಿ ಹಿಂದಿ ಪಿಕ್ಚರೊಂದರಲ್ಲಿ ಬಣ್ಣದ ಬೆಳಕಿನ ಕೆಳಗೆ ಸೊಂಟ ತಿರುವಿ ಕುಣಿಯುವವರನ್ನು ನೋಡಿ ಬಂದ ಮೇಲೆ, ಹೈಸ್ಕೂಲು ಓದುತ್ತಿದ್ದ ಯರ್ರಮ್ಮನ ಕಾಲು ನೆಲದ ಮೇಲೆ ನಿಲ್ಲದಾಯಿತು. ಹಾಡಿನ ಒಂದು ಮಾತೂ ಅರ್ಥವಾಗದು. ಆದರೂ ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ಆ ತಾಳ ಕೇಳಿದರೆ ಬಿಂದಿಗೆ ಇಳಿಸಿ ನಿಂತುಬಿಡುತ್ತಿದ್ದಳು.

ಆ ವರ್ಷ ಗಣೇಶನ ಹಬ್ಬದಲ್ಲಿ, ಶಾಲೆಯ ಮುಂದೆ ಹಾಕಿದ್ದ ಸ್ಟೇಜಿನ ಮೇಲೆ ಅವಳು ಕುಣಿದೇಬಿಟ್ಟಳು. ಲಂಗದ ಅಂಚಿಗೆ ಚಮಕಿ ಹೊಲಿದುಕೊಂಡಿದ್ದಳು. ಹುಡುಗರು ಸಿಳ್ಳೆ ಹೊಡೆದರು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು, "ಇನ್ನೊಂದ್ಸಲ" ಅಂದರು. ಅವಳು ಇನ್ನೊಂದು ಸಲ ಕುಣಿದಳು.

ಬೆಳಿಗ್ಗೆ ಊರ ಸಾಹುಕಾರ ಕಲ್ಲೇಶಪ್ಪ ಅವಳ ಅಪ್ಪ ಯತ್ತಪ್ಪನನ್ನು ಕಟ್ಟೆಗೆ ಕರೆಸಿದ.

"ಲೇ ಯತ್ತಪ್ಪ, ಡಿಸ್ಕೊ ಅಂದ್ರೆ ಏನಂತ ಗೊತ್ತೈತೇನ್ಲೇ? ಹೊರದೇಶದಾಗೆ ಕುಡುಕ್ರು, ಗಾಂಜಾ ಸೇದೋರು ಕುಣಿಯೋದು. ಇವಳೊಬ್ಬಳು ಸಾಕು ಊರಿನ ಹುಡುಗ್ರೆಲ್ಲ ಕೆಟ್ಟುಹೋಗಾಕೆ. ಮೊದ್ಲು ಇವಳನ್ನ ಇಲ್ಲಿಂದ ಸಾಗ್ಸು."

ಸಿಳ್ಳೆ ಹೊಡೆದ ಹುಡುಗರೂ ಅಲ್ಲೇ ಕೈಕಟ್ಟಿ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಯತ್ತಪ್ಪ ಮನೆಗೆ ಬಂದವನೇ ಬಾರುಕೋಲಿನಿಂದ ಮಗಳಿಗೆ ಹೊಡೆದ. ಶಾಲೆ ಬಿಡಿಸಿದ. ದೀಪಾವಳಿಯೊಳಗೆ ಮೊಳಕಾಲ್ಮೂರಿನ ನೇಕಾರ ನಾಗೇಂದ್ರಪ್ಪನಿಗೆ, ಹೆಂಡತಿ ಸತ್ತು ಒಂಟಿಯಾಗಿದ್ದವನಿಗೆ, ಕೊಟ್ಟು ಕೈತೊಳೆದುಕೊಂಡ.

ಆ ಮನೆಗೆ ಅವಳಿಗಿಂತ ಮೊದಲೇ ಅವಳ ಹೊಸ ಹೆಸರು ತಲುಪಿತ್ತು: ಡಿಸ್ಕೊ ಯರ್ರಿ. ಮಗ್ಗದಲ್ಲಿ ಕೂತು ಏನಾದರೂ ಗುನುಗಿದರೆ ಅತ್ತೆ ತೆಲುಗಿನಲ್ಲಿ "ಸಿಗ್ಗು ಲೇದಾ ನೀಕು?" ಎಂದು, ನಾಚಿಕೆಗೆಟ್ಟವಳೆಂದು ಜರೆಯುತ್ತಿದ್ದಳು. ಗಂಡ ಕುಡಿದು ಬಂದರೆ "ಊರೋರ ಮುಂದೆ ಕುಣಿದ್ಯಲ್ಲ, ನನ್ನ ಮುಂದೆ ಕುಣಿಯೇ" ಅನ್ನುತ್ತಿದ್ದ. ಅವಳು ಕುಣಿಯಲಿಲ್ಲ. ಗುನುಗುವುದನ್ನೂ ಬಿಟ್ಟಳು. ಅತ್ತೆ ಸತ್ತಳು, ಗಂಡ ಸತ್ತ. ಮಗ ಗೋವರ್ಧನ ಬೆಳೆದು ಸೀರೆ ವ್ಯಾಪಾರಕ್ಕೆ ನಿಂತ.

ಹೋದ ವರ್ಷ ಚಳ್ಳಕೆರೆಯಿಂದ ಮದುವೆ ಸೀರೆಗಳಿಗೆ ಹೇಳಿಕಳಿಸಿದರು. ಅಲ್ಲಿಗೆ ಹೋಗಿ ನೆಲೆಸಿದ್ದ ಕಲ್ಲೇಶಪ್ಪನ ಮೊಮ್ಮಗಳು ಶಿವರಂಜನಿಯ ಮದುವೆ. ಸೀರೆ ಕೊಡಲು ತಾಯಿ ಮಗ ಇಬ್ಬರೂ ಹೋದರು. ಕಲ್ಯಾಣ ಮಂಟಪದಲ್ಲಿ ಮದುವೆಯ ಮುಂಚಿನ ಹಾಡು-ಕುಣಿತ, ಸಂಗೀತ್, ನಡೆದಿತ್ತು. ಎಲ್ಲರೂ ಹಳೇ ಕಾಲದ ಡಿಸ್ಕೊ ವೇಷದಲ್ಲಿ ಬರಬೇಕೆಂದು ಮದುಮಗಳ ಅಪ್ಪಣೆಯಂತೆ. ಚಾವಣಿಯಲ್ಲಿ ಕನ್ನಡಿ ಚೂರುಗಳ ಗುಂಡು ತಿರುಗುತ್ತಿತ್ತು. ಶಿವರಂಜನಿ ಮೈತುಂಬ ಚಮಕಿ ತೊಟ್ಟು ಸ್ಟೇಜಿನ ಮೇಲೆ ಗೆಳತಿಯರ ಜೊತೆ ಕುಣಿಯುತ್ತಿದ್ದಳು. ಮುಂದಿನ ಸಾಲಿನಲ್ಲಿ ಹಣೆತುಂಬ ವಿಭೂತಿ ಧರಿಸಿದ್ದ ಮುದುಕ ಕಲ್ಲೇಶಪ್ಪ ಬೊಚ್ಚುಬಾಯಿ ಬಿಟ್ಟುಕೊಂಡು ಚಪ್ಪಾಳೆ ತಟ್ಟುತ್ತಿದ್ದ.

ಯರ್ರಮ್ಮ ನೇರ ಹೋಗಿ ಅವನೆದುರು ನಿಂತಳು.

"ಗುರ್ತು ಸಿಕ್ತೇನ್ರಿ ಸಾವ್ಕಾರ್ರೆ? ದೇವಸಮುದ್ರದ ಯತ್ತಪ್ಪನ ಮಗಳು. ಡಿಸ್ಕೊ ಕುಣಿದೆ ಅಂತ ಊರು ಬಿಡಿಸಿದ್ರಲ್ಲ."

ಕಲ್ಲೇಶಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಯಾವ ಯತ್ತಪ್ಪ? ಇರಬೌದು ಕಣಮ್ಮ. ಆಗಿನ ಕಾಲ ಹಂಗಿತ್ತು. ಊಟ ಮಾಡ್ಕೊಂಡು ಹೋಗು."

ಮಗ್ಗದ ಗುಂಡಿಯಲ್ಲಿ ಕೂತು ಇಷ್ಟು ವರ್ಷ ಇವನಿಗೆಂದೇ ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಕೆಲಸಕ್ಕೆ ಬಾರದಾಯಿತು. ಬೈಸಿಕೊಳ್ಳಬೇಕಾದವನಿಗೆ ನೆನಪೇ ಇರಲಿಲ್ಲ.

ಮಾತು ಕೇಳಿಸಿಕೊಂಡ ಶಿವರಂಜನಿ ಓಡಿ ಬಂದಳು. "ಅಜ್ಜಿ, ನೀವು ಡಿಸ್ಕೊ ಮಾಡ್ತಿದ್ರಾ? ಬನ್ನಿ ಬನ್ನಿ, ಒಂದು ರೀಲ್ ಮಾಡೋಣ!"

ಯರ್ರಮ್ಮ ಸ್ಟೇಜು ಹತ್ತಿದಳು. ಆ ಗಳಿಗೆಯಲ್ಲಿ ಅವಳಿಗೆ ನಿಜವಾಗಿಯೂ ಆಸೆಯಾಗಿತ್ತು. ತಾಳ ಶುರುವಾಯಿತು, ಸೊಂಟ ತಿರುಗಲಿಲ್ಲ. ಮಗ್ಗ ತುಳಿದಂತೆ ಒಂದು ಕಾಲು ಏರಿತು, ಒಂದು ಇಳಿಯಿತು, ಅಷ್ಟೇ. ಮೊಬೈಲ್ ಹಿಡಿದವರು ಕೇಕೆ ಹಾಕಿ ನಕ್ಕರು. ಗೋವರ್ಧನ ಬಂದು ರಟ್ಟೆ ಹಿಡಿದು ಇಳಿಸಿದ.

"ಈ ವಯಸ್ಸಿನಾಗೆ ಮಾನ ಮರ್ಯಾದೆ ಬ್ಯಾಡೇನವ್ವ? ಗಿರಾಕಿಗಳ ಮುಂದೆ ನಾನು ಹೆಂಗೆ ತಲೆ ಎತ್ಲಿ?"

"ಆ ಸಾವ್ಕಾರ್ಗೆ ಮರ್ತೋಯ್ತು. ಅವನ ಮಾತು ಈಗ ನೀನು ಹಿಡ್ಕೊಂಡ್ಯೇನೋ?" ಅಂದಳು ಯರ್ರಮ್ಮ. ವಾಪಸು ಬರುವಾಗ ಮಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ.

ಅವಳು ಕುಣಿದ ವಿಡಿಯೊ ಓಣಿಯವರ ಮೊಬೈಲಿಗೆಲ್ಲ ಬಂತು. ಹಳೇ ಹೆಸರು ಗೊತ್ತಿಲ್ಲದವರಿಗೂ ಗೊತ್ತಾಯಿತು. "ಆ ಸಾವ್ಕಾರ್ರ ಮನೆಗೆ ಇನ್ಮೇಲೆ ನಾನು ನೇಯಲ್ಲ" ಎಂದು ಅವಳು ಮಗನಿಗೆ ಹೇಳಿದಳು. ಅವನು ಸೀರೆಗಳ ಗಂಟು ಕಟ್ಟಿಕೊಂಡು ವ್ಯಾಪಾರಕ್ಕೆ ಹೊರಟ.

ಮೊನ್ನೆ ಶಿವರಂಜನಿಯ ಸೀಮಂತಕ್ಕೆ ಹಸಿರು ಸೀರೆ ಬೇಕೆಂದು ಫೋನ್ ಬಂದಾಗ ಗೋವರ್ಧನ ತಾಯಿಯನ್ನು ಕೇಳದೆ ಒಪ್ಪಿಕೊಂಡ. ಯರ್ರಮ್ಮ ಎರಡು ದಿನ ಮಗ್ಗದ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಗುಂಡಿಗಿಳಿದು ಕೂತು ಆ ಹಸಿರು ಸೀರೆಯನ್ನೇ ನೇಯ್ದಳು.