ಕಫದ ಚೀಟಿಯಲ್ಲಿ ಮೂರು ಪ್ಲಸ್

ನನ್ನ ಓದು ಎರಡನೇ ಇಯತ್ತೆಗೆ ಮುಗಿದದ್ದು. ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಊರು ಇರಕಲ್ಲಗಡ ದಾಟಿರುತ್ತದೆ. ಆದರೂ ಕೊಪ್ಪಳದ ಆಸ್ಪತ್ರೆಯವರು ನನ್ನ ಕಫ ನೋಡಿ ಕೊಟ್ಟ ಚೀಟಿಯಲ್ಲಿದ್ದ ಮೂರು ಪ್ಲಸ್ ಗುರುತು ನನಗೂ ಕಂಡವು.

“ಇವೇನ್ರಿ?” ಎಂದು ನರ್ಸಮ್ಮನನ್ನು ಕೇಳಿದೆ.

“ಟಿ.ಬಿ. ಹುಳದ ಗುರ್ತು ಯಮ್ಮಾ. ಒಂದಿದ್ರ ಕಡಿಮಿ, ಮೂರಿದ್ರ ಭಾಳ. ಗುಳಿಗಿ ಬಿಡಬ್ಯಾಡ, ಬಾಯಿಗೆ ಬಟ್ಟಿ ಕಟ್ಕೊ.”

ನಾನು ಮನೆ ಮುಟ್ಟುವ ಮೊದಲೇ, ಜೊತೆಗೆ ಬಂದಿದ್ದ ಮಗನ ಫೋನು ಮುಟ್ಟಿತ್ತು. ನನ್ನ ತಾಟು, ಚರಿಗೆ, ಕೌದಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದವು. ಅದು ತಪ್ಪಲ್ಲ, ಮನೆಯಲ್ಲಿ ಕೂಸಿತ್ತು. ರೊಟ್ಟಿ ಬಡಿಯುವುದನ್ನೂ ಬಿಡಿಸಿದರು. ಕಟ್ಟೆಯ ಮೇಲೆ ಮಲಗಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ಆ ಮನೆಯಲ್ಲಿ ಎಲ್ಲರೂ ಬೆಳೆದದ್ದು ನನ್ನ ಕೈ ರೊಟ್ಟಿ ತಿಂದು.

ಗುಳಿಗೆಗೆ ಉಚ್ಚೆ ಕೆಂಪಗಾಯಿತು, ಬಾಯಿ ಕಹಿಯಾಯಿತು. ನುಂಗಿದೆ. ಎರಡು ತಿಂಗಳಾದ ಮೇಲೆ ಮತ್ತೆ ಕಫ ಕೊಟ್ಟೆ. ಈ ಸಲ ಚೀಟಿಯಲ್ಲಿ ಒಂದು ಪ್ಲಸ್ಸೂ ಇರಲಿಲ್ಲ.

“ಒಂದು ಹುಳಾನೂ ಕಾಣವಲ್ದು. ಗುಳಿಗಿ ಮುಗಿಯೂತನಾ ನುಂಗು. ಇನ್ನ ಮಂದಿ ಕೂಡ ಉಣ್ಣು, ರೊಟ್ಟಿ ಬಡಿ” ಎಂದಳು ನರ್ಸಮ್ಮ. ಮಗ ಪಕ್ಕದಲ್ಲೇ ನಿಂತು ಕೇಳಿದ.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗವೆಂದು ರೊಟ್ಟಿ ಮುರಿದು ಚೆಲ್ಲಿ, ಅಲ್ಲೇ ಎಲ್ಲರೂ ಕೂತು ಉಣ್ಣುವ ಹಬ್ಬ. ನಸುಕಿನಲ್ಲಿ ಎದ್ದು ಬುಟ್ಟಿ ತುಂಬ ಸಜ್ಜೆ ರೊಟ್ಟಿ ಬಡಿದೆ. ಸೊಸೆ ಬ್ಯಾಡ ಅನ್ನಲಿಲ್ಲ. ನನಗೆ ಖುಷಿಯಾಯಿತು.

ಹೊಲದಲ್ಲಿ ಅವಳು ನನ್ನ ಬುಟ್ಟಿ ಎಳೆದುಕೊಂಡು ರೊಟ್ಟಿ ಮುರಿಯತೊಡಗಿದಳು. ಚರಗಕ್ಕೆ ಎರಡು ಸಾಕು. ಅವಳು ಮುರಿಯುತ್ತಲೇ ಇದ್ದಳು.

“ಅಷ್ಟೂ ಯಾಕ ಮುರೀತಿ?”

“ನಿಮ್ಮ ಕೈಯಾನವು ದೇವ್ರಿಗೇ ಇರ್ಲಿ ಬಿಡ್ರಿ ಅತ್ತಿ. ನಮಗ ತಂದೀವಿ.”

ಚೀಲದಿಂದ ಪ್ಯಾಕೆಟ್ಟು ತೆಗೆದಳು. ಕೊಪ್ಪಳದ ಅಂಗಡಿಯ ಒಣಗಿದ ಕಟಿರೊಟ್ಟಿ.

“ಭೂಮಿತಾಯಿಗೆ ಟಿ.ಬಿ. ಹತ್ತಂಗಿಲ್ಲೇನವಾ?” ಎಂದೆ. ಮಗನ ಮುಖ ನೋಡಿದೆ. “ಹಬ್ಬದಾಗ ಸುಮ್ನಿರಬೇ ಯವ್ವಾ” ಎಂದು ಪ್ಯಾಕೆಟ್ಟಿಗೆ ಕೈ ಹಾಕಿದ.

ಮುರಿಯದೆ ಉಳಿದಿದ್ದ ಒಂದು ರೊಟ್ಟಿ ಎತ್ತಿಕೊಂಡು ಪುಂಡಿಪಲ್ಲೆ ಹಚ್ಚಿ ಉಂಡೆ. ರೊಟ್ಟಿ ಛಲೋ ಆಗಿತ್ತು.